ನಿಸ್ವಾರ್ಥ ಸೇವನೆ

ಫಲಕವನ್ನು ಓದುವ ಮೊದಲು ನಮ್ಮ ಸಂಘದ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಓದಲು ಅನುಕೂಲವಾಗಲೆಂದಲ್ಲ. ಅದರಲ್ಲಿದ್ದ ತಪ್ಪು ಆಗಲೇ ಅವರ ಕಣ್ಣಿಗೆ ಬಿದ್ದಿತ್ತು. ಅದನ್ನು ಸಭೆಗೆ ಹೇಗೆ ಬಡಿಸಬೇಕೆಂದು ಯೋಚಿಸಲು ಅವರಿಗೆ ಒಂದಿಷ್ಟು ಬಿಡುವು ಬೇಕಾಗಿತ್ತು. ಪಕ್ಕದಲ್ಲಿ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದ ನನಗೆ ಇದು ಸ್ಪಷ್ಟವಾಗಿ ಕಂಡಿತು.

“ತಿರುವನಂತಪುರದ ಕನ್ನಡಿಗರಿಗಾಗಿ ಇವರು ಸಲ್ಲಿಸಿದ ನಿಸ್ವಾರ್ಥ ಸೇವನೆಯ ಸ್ಮರಣೆಗೆ” ಎಂದು ಮೈಕಿನಲ್ಲಿ ಓದಿದರು. ಆಮೇಲೆ “ಸೇವನೆ!” ಎಂದು ಮತ್ತೊಮ್ಮೆ ಬಿಡಿಸಿ ಹೇಳಿ, ಸಭಾಂಗಣದ ಹಿಂದಿನ ಬಾಗಿಲಿನತ್ತ ಕೈ ಬೀಸಿದರು. “ಯಾರಪ್ಪಾ ಅಡುಗೆ ಕಡೆ? ಸಾರ್‌ಗೆ ಪಾಯಸ ಇನ್ನೊಂದು ಸೌಟು ಎತ್ತಿಡಿ. ನಿಸ್ವಾರ್ಥವಾಗಿ ಸೇವಿಸ್ತಾರೆ!”

ಸಭೆ ನಕ್ಕಿತು. ಊಟದ ಹೊತ್ತು ಮೀರಿದ್ದರಿಂದ ಸ್ವಲ್ಪ ಹೆಚ್ಚೇ ನಕ್ಕಿತು.

ಆ ತಪ್ಪು ಹೇಗಾಯಿತೆಂಬುದು ಕೇರಳದಲ್ಲಿ ಬಾಳುವ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮಲಯಾಳದಲ್ಲಿ ಸೇವೆಗೆ ‘ಸೇವನಂ’ ಎನ್ನುತ್ತಾರೆ. ಬಸ್ಸಿನ ಮೇಲೆ, ಕಚೇರಿಯ ಗೋಡೆಯ ಮೇಲೆ, ಆಸ್ಪತ್ರೆಯ ಬಾಗಿಲಲ್ಲಿ, ಎಲ್ಲ ಕಡೆಯೂ ಅದೇ ಪದ. ಇಲ್ಲಿ ಹುಟ್ಟಿ ಬೆಳೆದ ಮಗುವೊಂದು ಅದರ ಬಾಲ ಕತ್ತರಿಸಿ ಕನ್ನಡದ ಬಾಲ ಅಂಟಿಸಿದರೆ ‘ಸೇವನೆ’ ಆಗುತ್ತದೆ. ನಮ್ಮಲ್ಲಿ ಸೇವನೆ ಎಂದರೆ ತಿನ್ನುವುದು, ಕುಡಿಯುವುದು. ಕಷಾಯಕ್ಕೆ ಸಲ್ಲುವ ಮಾತು, ಸನ್ಮಾನಕ್ಕಲ್ಲ. ಸಂಘದ ಊಟದಲ್ಲಿ ಬಡಿಸುವವರು ಕೊನೆಯ ಪಂಕ್ತಿಯಲ್ಲಿ ಕೂರಬೇಕೆಂಬ ಕ್ರಮವನ್ನು ತಂದವನು ನಾನು. ಆ ಪಂಕ್ತಿಗೆ ಪಾಯಸ ಉಳಿದ ವರ್ಷಗಳು ಕಡಿಮೆ. ಇದನ್ನು ಅಧ್ಯಕ್ಷರು ಬಲ್ಲರು. ಅವರು ಯಾವಾಗಲೂ ಮೊದಲನೆಯ ಪಂಕ್ತಿಯವರು.

ಫಲಕದ ವಾಕ್ಯವನ್ನು ಬರೆದವಳು ವೇದಿಕೆಯ ಕೆಳಗೆ, ಮೈಕಿನ ತಂತಿಯ ಹತ್ತಿರ ನಿಂತಿದ್ದಳು. ಅವಳ ತಂದೆ ಧಾರವಾಡದ ಕಡೆಯವರು, ಇಲ್ಲಿನ ಒಂದು ಕೇಂದ್ರ ಸಂಸ್ಥೆಯಲ್ಲಿ ವಿಜ್ಞಾನಿ. ಮಗಳು ಇಲ್ಲಿಯೇ ಹುಟ್ಟಿದವಳು, ಐಟಿ ಪಾರ್ಕಿನಲ್ಲಿ ಕೆಲಸ. ಮನೆಯಲ್ಲಿ ಕೇಳಿ ಕಲಿತ ಕನ್ನಡ. ಅಕ್ಷರಗಳನ್ನು ದೊಡ್ಡವಳಾದ ಮೇಲೆ ತಾನೇ ಕಲಿತದ್ದು. ಹೀಗಿದ್ದೂ ಪ್ರತಿ ಭಾನುವಾರ ಬೆಳಿಗ್ಗೆ ಪಟ್ಟಂನಲ್ಲಿರುವ ನಮ್ಮ ಫ್ಲ್ಯಾಟಿನ ಸಮುದಾಯ ಕೊಠಡಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದವಳು ಅವಳೊಬ್ಬಳೇ. ಮಾಡುತ್ತೇನೆಂದು ಹೇಳಿದವರು ಹಲವರಿದ್ದರು, ಅಧ್ಯಕ್ಷರೂ ಸೇರಿ. ನನ್ನ ಮೊಮ್ಮಗಳು ನಾನು ಏನು ಕೇಳಿದರೂ ಮಲಯಾಳದಲ್ಲಿಯೇ ಉತ್ತರಿಸುತ್ತಿದ್ದಳು. ಆ ತರಗತಿಗೆ ಹೋಗತೊಡಗಿದ ಮೇಲೆ ಒಂದು ದಿನ, “ತಾತ, ನಿನಗೆ ಯಾಕೆ ಯಾವಾಗಲೂ ಕೋಪ?” ಎಂದು ಶುದ್ಧ ಕನ್ನಡದಲ್ಲಿ ಕೇಳಿದಳು. ಪ್ರಶ್ನೆ ಸರಿಯಿರಲಿಲ್ಲ, ಭಾಷೆ ಸರಿಯಾಗಿತ್ತು. ನನಗೆ ಅಷ್ಟು ಸಾಕಾಗಿತ್ತು.

ಫಲಕದ ಕರಡನ್ನು ಅವಳು ಅಧ್ಯಕ್ಷರಿಗೆ ಮೊದಲೇ ಕಳುಹಿಸಿದ್ದಳೆಂದು ಆಮೇಲೆ ತಿಳಿಯಿತು. ಅವರು ಓದದೆ ಹೆಬ್ಬೆಟ್ಟಿನ ಚಿತ್ರವೊಂದನ್ನು ಒತ್ತಿ ಒಪ್ಪಿಗೆ ಕೊಟ್ಟಿದ್ದರು. ತನ್ನ ಒಪ್ಪಿಗೆಯ ಮೇಲೆ ಕೆತ್ತಿಸಿದ ತಪ್ಪನ್ನು ತಾನೇ ಮೈಕಿನಲ್ಲಿ ಓದಿ, ಬರೆದ ಹುಡುಗಿಯನ್ನು ನೋಡುತ್ತ ನಗುವುದಕ್ಕೆ ಒಂದು ವಿಶೇಷ ಧೈರ್ಯ ಬೇಕು. ಆ ಧೈರ್ಯ ಅವರಲ್ಲಿ ಹೊಸದಲ್ಲ. ನನ್ನನ್ನು ಒಮ್ಮೆ ಅತಿಥಿಗಳಿಗೆ “ಇವರು ಗೊಬ್ಬರದವರು” ಎಂದು ಪರಿಚಯಿಸಿದ್ದಾರೆ. ನಾನು ನಿವೃತ್ತಿಯವರೆಗೆ ಇಲ್ಲಿಂದ ಉತ್ತರಕ್ಕಿರುವ ಏಲೂರಿನ ರಸಗೊಬ್ಬರ ಕಾರ್ಖಾನೆಯಲ್ಲಿ ಪ್ರಯೋಗಾಲಯ ನೋಡಿಕೊಂಡಿದ್ದವನು. ಇನ್ನೊಮ್ಮೆ ಧನ್ಯವಾದ ಹೇಳುವಾಗ ನನ್ನನ್ನು ‘ಇತರರು’ ಎಂಬ ಪದದೊಳಗೆ ಸೇರಿಸಿದ್ದಾರೆ. ಮತ್ತೊಮ್ಮೆ, ಹಾರ ಒಂದು ಕಡಿಮೆ ಬಿದ್ದಾಗ, ಅತಿಥಿಯ ಕೊರಳಿನಿಂದ ತೆಗೆದದ್ದನ್ನೇ ನನಗೆ ಹಾಕಿದ್ದಾರೆ. ಮಲ್ಲಿಗೆಯ ಜೊತೆ ಆತನ ಬೆವರಿನ ವಾಸನೆಯೂ ಇತ್ತು. ಇವೆಲ್ಲ ಸಣ್ಣ ಸಂಗತಿಗಳೆಂದು ನನ್ನ ಹೆಂಡತಿ ಹೇಳುತ್ತಾಳೆ. ಸಣ್ಣವೇ. ಆದರೆ ಮುಳ್ಳಿನ ಗಾತ್ರವನ್ನು ಹೇಳಬೇಕಾದವನು ಚುಚ್ಚಿಸಿಕೊಂಡವನು.

ವೇದಿಕೆಯ ಮೇಲೆ ನಾನು ಮೈಕನ್ನು ತೆಗೆದುಕೊಂಡೆ. “ಪದ ಸರಿಯಾಗಿಯೇ ಇದೆ” ಎಂದೆ. “ಈ ಸಂಘದಲ್ಲಿ ನಾನು ತಿಂದಷ್ಟು ಬೈಗುಳವನ್ನು ಇನ್ನಾರೂ ತಿಂದಿಲ್ಲ. ಅದರಲ್ಲಿ ಸ್ವಾರ್ಥವೂ ಇರಲಿಲ್ಲ. ಹಾಗಾಗಿ ನಿಸ್ವಾರ್ಥ ಸೇವನೆ.”

ಸಭೆ ಮತ್ತೆ ನಕ್ಕಿತು, ಈ ಸಲ ನನ್ನ ಪರವಾಗಿ. ಅಧ್ಯಕ್ಷರ ಮುಖ ಸ್ವಲ್ಪ ಇಳಿಯಿತು. ಆ ಸಂತೋಷವನ್ನು ಅಡಗಿಸಿಕೊಳ್ಳುತ್ತ ನಾನು ಕೆಳಗೆ ನೋಡಿದೆ. ಮೈಕಿನ ತಂತಿಯ ಹತ್ತಿರ ಯಾರೂ ಇರಲಿಲ್ಲ. ವಂದನಾರ್ಪಣೆ ಅವಳದಾಗಿತ್ತು, ಅದನ್ನು ಅಧ್ಯಕ್ಷರೇ ಮಾಡಿದರು.

ಸಂಜೆಯ ಹೊತ್ತಿಗೆ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವಳ ಸಂದೇಶ ಬಂದಿತ್ತು, ಇಂಗ್ಲಿಷಿನಲ್ಲಿ. ತಪ್ಪಿಗೆ ಕ್ಷಮೆ ಇರಲಿ, ಭಾನುವಾರದ ತರಗತಿಯನ್ನು ಇನ್ನು ಬೇರೆಯವರು ನಡೆಸಲಿ, ಎಂದು. ಅದರ ಕೆಳಗೆ ಕೆಲವರು ಅಳುವ ಮುಖಗಳನ್ನು ಅಂಟಿಸಿದರು. ನಡೆಸುತ್ತೇನೆಂದು ಯಾರೂ ಬರೆಯಲಿಲ್ಲ.

ನಾನು ಅಧ್ಯಕ್ಷರಿಗೆ ಫೋನ್ ಮಾಡಿದೆ. “ಆ ಹುಡುಗಿಗೆ ನೀವು ಒಂದು ಮಾತು ಹೇಳಬೇಕು.”

“ಅಯ್ಯೋ ಸಾರ್, ತಮಾಷೆಗೆ ಅಂದದ್ದು. ನೀವೂ ಅಂದ್ರಲ್ಲ?”

“ಕರಡು ನೋಡಿ ಒಪ್ಪಿದವರು ನೀವು ಎಂದಾದರೂ ಹೇಳಿ.”

“ಒಂದು ಅಕ್ಷರಕ್ಕೆ ಇಷ್ಟೊಂದಾ? ಈಗಿನ ಮಕ್ಕಳು ತುಂಬಾ ಸೆನ್ಸಿಟಿವ್ ಸಾರ್. ಎರಡು ವಾರ ಬಿಡಿ, ತಾನೇ ಬರ್ತಾಳೆ. ಬರದಿದ್ರೆ ಆನ್‌ಲೈನ್ ಕ್ಲಾಸ್ ಇದ್ದೇ ಇದೆ.”

ನಾನು ಫೋನ್ ಇಟ್ಟೆ. ಪಕ್ಕದ ಕುರ್ಚಿಯಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: “ಅವರು ಹೋಗಲ್ಲ. ನಿಮಗೆ ಗೊತ್ತು ಅವರು ಹೋಗಲ್ಲ ಅಂತ. ಹಾಗಿದ್ದ ಮೇಲೆ ಅವರಿಗೇ ಯಾಕೆ ಹೇಳ್ತಾ ಕೂತಿದ್ದೀರಿ?”

ಮರುದಿನ ಸಂಜೆ ನಾನೇ ಹೋದೆ. ಅವರ ಮನೆ ಎರಡು ಬಸ್ ನಿಲ್ದಾಣಗಳಾಚೆ, ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿತ್ತು. ಬಾಗಿಲು ತೆಗೆದವರು ಅವಳ ತಂದೆ. ನನ್ನ ಏದುಸಿರನ್ನು ನೋಡಿ ಮೊದಲು ಕುರ್ಚಿ ಎಳೆದು, ನೀರು ತಂದರು.

“ಕುಂಡ್ರಿ ಸರ. ಆಕಿ ಒಳಗ ಅದಾಳ. ಯಾರ ಕೂಡಾನೂ ಮಾತಿಲ್ಲ ಕತಿಯಿಲ್ಲ.”

ಗೋಡೆಯ ಮೇಲೆ ಶಿಲುಬೆ, ಅದರ ಕೆಳಗೆ ಸಣ್ಣ ದೀಪ. ನಾನು ಅದನ್ನು ನೋಡುತ್ತಿದ್ದುದನ್ನು ಗಮನಿಸಿ ಅವರು ತಾವಾಗಿಯೇ ಹೇಳಿದರು: “ನಮ್ಮ ಚರ್ಚಿನ್ಯಾಗ ಪವಿತ್ರ ಗುರುವಾರ ಫಾದರ್ ಹನ್ನೆರಡು ಮಂದೀದು ಕಾಲು ತೊಳೀತಾರ. ಹೋದ ವರ್ಷ ನಾನೂ ಕುಂತಿದ್ದೆ. ನೀರು ಹಾಕೂದು ಭಾಳ ಸರಳ ಅದ ಸರ. ಆಮ್ಯಾಲೆ ಬಗ್ಗಿ, ಬೆರಳಿನ ಸಂದಿಯೆಲ್ಲ ಒರಸಬೇಕಲ್ಲ, ಅಲ್ಲಿ ತಿಳೀತದ ಯಾರು ಎಂಥಾವರು ಅಂತ.”

“ನಮ್ಮ ಅಧ್ಯಕ್ಷರ ಕಾಲು ತೊಳೆಯುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ” ಎಂದೆ.

ಅವರು ಜೋರಾಗಿ ನಕ್ಕರು. ಆ ನಗುವಿಗೋ ಏನೋ, ಒಳಗಿನ ಬಾಗಿಲು ತೆರೆಯಿತು. ಅವಳು ಬಂದು ಎದುರಿನ ದಿವಾನದ ಅಂಚಿನಲ್ಲಿ ಕುಳಿತಳು. “ಅಜ್ಜಾ, ಪ್ಲೀಸ್, ನಂಗ ಕನ್ನಡ ವೇಂಡ” ಎಂದಳು. ಬೇಡ ಎಂಬುದನ್ನು ಮಲಯಾಳದಲ್ಲಿ ಹೇಳಿದ್ದು ಬೇಕೆಂದೇ ಇರಬೇಕು.

ನಾನು ಉಪದೇಶ ಮಾಡಲಿಲ್ಲ. ಏಲೂರಿನ ಒಂದು ಸಂಗತಿಯನ್ನು ಹೇಳಿದೆ.

ನಾನು ಮೈಸೂರಿನಿಂದ ಬಂದು ಕೆಲಸಕ್ಕೆ ಸೇರಿದ ಹೊಸತು. ಕಳಮಶ್ಶೇರಿಯಲ್ಲಿ ಬಾಡಿಗೆ ಕೋಣೆ, ಬಸ್ಸಿನಲ್ಲಿ ಕೇಳಿ ಕಲಿತ ಅಷ್ಟಿಷ್ಟು ಮಲಯಾಳ. ಒಂದು ದಿನ ಹಿರಿಯ ವ್ಯವಸ್ಥಾಪಕರೊಬ್ಬರು ಸುರಕ್ಷತಾ ತರಬೇತಿಗೆ ಯಾರು ಯಾರು ಹೋಗುತ್ತಾರೆಂದು ಕೇಳಲು ಪ್ರಯೋಗಾಲಯಕ್ಕೆ ಬಂದರು. ನಾನು ಎದ್ದು ನಿಂತು, ಗೌರವದಿಂದ, “ಸಾರಿಂಟೆ ಪೇರು ಪಟ್ಟಿಯಿಲ್ ಆದ್ಯಂ ಉಂಡು” ಎಂದೆ. ಪಟ್ಟಿಯಲ್ಲಿ ತಮ್ಮ ಹೆಸರೇ ಮೊದಲಿದೆ ಎಂಬುದು ನನ್ನ ಭಾವ. ಮಲಯಾಳದಲ್ಲಿ ಅದಕ್ಕೆ ‘ಪಟ್ಟಿಕ’ ಎನ್ನಬೇಕು. ‘ಪಟ್ಟಿ’ ಎಂದರೆ ನಾಯಿ.

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಒಡೆಯುವಷ್ಟು ನಗು. ವ್ಯವಸ್ಥಾಪಕರು ಮಾತ್ರ ನಗಲಿಲ್ಲ. ಆಗ ನಮ್ಮ ಪಾಳಿಯ ಮುಖ್ಯಸ್ಥರು ತಮ್ಮ ಮೇಜಿನಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು. ಅವರೇನೂ ಮೃದು ಸ್ವಭಾವದವರಲ್ಲ. ನನ್ನ ಚಹಾ ವಿರಾಮವನ್ನು ಮೊಟಕು ಮಾಡಿದ್ದನ್ನು ನಾನು ಮರೆತಿಲ್ಲ. “ಇವರ ಊರಿನಲ್ಲಿ ಪಟ್ಟಿಕಕ್ಕೆ ಪಟ್ಟಿ ಎನ್ನುತ್ತಾರೆ ಸಾರ್. ಇದನ್ನು ಮೊದಲ ದಿನವೇ ಕೇಳಿ ತಿಳಿದು, ಹೇಳಿಕೊಡಬೇಕಾದವನು ನಾನು” ಎಂದರು. ವ್ಯವಸ್ಥಾಪಕರು ಬೈಯಬೇಕಾದದ್ದನ್ನೆಲ್ಲ ಅವರಿಗೇ ಬೈದು ಹೋದರು. ಮರುದಿನ ಮುಖ್ಯಸ್ಥರು ಹಾಜರಿ ಕರೆಯುವಾಗ ಗಂಭೀರವಾಗಿ, “ಆ ಪಟ್ಟಿ ಇಂಙೋಟ್ ತಾ”, ಇತ್ತ ಕೊಡು, ಎಂದು ಕೈ ನೀಡಿದರು. ಯಾರೂ ನಗುವಂತಿರಲಿಲ್ಲ. ಆಮೇಲೆ ನಮ್ಮ ಪಾಳಿಯಲ್ಲಿ ಆ ಕಾಗದಕ್ಕೆ ಪಟ್ಟಿ ಎಂಬುದೇ ಹೆಸರಾಯಿತು.

“ಅವರಿಂದ ಕಲಿತದ್ದನ್ನೇ ನಾನು ನಿನ್ನೆ ವೇದಿಕೆಯಲ್ಲಿ ಮಾಡಿದೆ” ಎಂದು ಮುಗಿಸಿದೆ.

ಅವಳು ಪದಗಳನ್ನು ಒಂದೊಂದಾಗಿ ಹುಡುಕುತ್ತ, ತಂದೆಯ ಕನ್ನಡದಲ್ಲಿ ಹೇಳಿದಳು: “ಇಲ್ಲ ಅಜ್ಜಾ. ಅವರು ನಿಮ್ಮ ಬಾಜೂಕ ನಿಂತ್ರು. ನೀವು ಸ್ಟೇಜ್ ಮ್ಯಾಲೆ ನಿಂತ್ರಿ.”

“ಏ, ಹಿರ್ಯಾರಿಗೆ ಹಂಗ ಅನಬಾರ್ದು” ಎಂದು ತಂದೆ ಗದರಿದರು.

ಆ ಮಾತು ನನಗೆ ಹಿಡಿಸಲಿಲ್ಲ. ಈಗಲೂ ಹಿಡಿಸುವುದಿಲ್ಲ. ವೇದಿಕೆಯ ಮೇಲೆ ಇದ್ದವನು ಇನ್ನೆಲ್ಲಿ ನಿಲ್ಲಬೇಕಿತ್ತು? ಆದರೆ ವ್ಯಾಕರಣದಲ್ಲಾಗಲಿ ವಿಷಯದಲ್ಲಾಗಲಿ ಅದರಲ್ಲಿ ತಪ್ಪು ಹುಡುಕಲು ನಾನು ಮಾಡಿದ ಪ್ರಯತ್ನ ಫಲಿಸಲಿಲ್ಲ. ಕೊನೆಗೆ, “ಎಲ್ಲಿ ನಿಲ್ಲಬೇಕು, ನೀನೇ ಹೇಳು” ಎಂದೆ.

“ಖರೇನಾ?”

“ಖರೆ” ಎಂದೆ, ಜೀವನದಲ್ಲಿ ಮೊದಲ ಬಾರಿಗೆ ಆ ಪದ ಬಳಸಿ.

ಅವಳು ಕಾಲು ಮಡಚಿ ಸರಿಯಾಗಿ ಕುಳಿತಳು. “ಭಾನುವಾರ ಕ್ಲಾಸಿಗೆ ಬರ್ರಿ. ಕುರ್ಚಿ ಹಾಕೂದು, ಬೋರ್ಡ್ ಒರಸೂದು. ಸಣ್ಣ ಹುಡುಗರು ಬಾತ್‌ರೂಮ್ ಅಂದ್ರ ಕರ್ಕೊಂಡು ಹೋಗೂದು. ನಾನು ಕಲಸ್ತೀನಿ. ಆದರ ನಾನು ಏನರೆ ತಪ್ಪು ಬರದ್ರ ನೀವು ಬಾಯಿ ಮುಚ್ಚಿಕೊಂಡು ಇರಬೇಕು. ಕ್ಲಾಸ್ ಮುಗಿದ ಮ್ಯಾಲೆ ಹೇಳ್ರಿ. ಮಕ್ಕಳ ಮುಂದ ಬ್ಯಾಡ.”

“ಒಂದು ವೇಳೆ ಅಕ್ಷಮ್ಯವಾದ ತಪ್ಪಾದರೆ?”

“ಆಗ ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ರಿ.”

ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ ಬಹಳ ಹೊತ್ತು ನಕ್ಕಳು. “ಕುರ್ಚಿ ಹಾಕ್ತೀರಿ, ಬೋರ್ಡ್ ಒರೆಸ್ತೀರಿ, ಅದೆಲ್ಲ ಸರಿ. ಬಾಯಿ? ಮದುವೆಯಾದಾಗಿನಿಂದ ನನ್ನ ಸಾರಿಗೆ ಉಪ್ಪು ಹೇಳದೆ ಒಂದು ದಿನ ಎದ್ದಿಲ್ಲ ನೀವು!”

ಭಾನುವಾರ ನಾನು ಬೇಗನೆ ಕೆಳಗಿಳಿದೆ. ಹಿಂದಿನ ಸಂಜೆ ಯಾರದೋ ಹುಟ್ಟುಹಬ್ಬ ನಡೆದು, ಕೊಠಡಿಯ ನೆಲಕ್ಕೆ ಕೇಕಿನ ಜಿಡ್ಡು ಹಿಡಿದಿತ್ತು. ಕಾವಲುಗಾರನಿಂದ ಬಟ್ಟೆ ಬಕೆಟ್ ಪಡೆದು ಒರೆಸಿದೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದೆ. ಸಾಲು ನೇರವಿರಲೆಂದು ನೆಲದ ಟೈಲಿನ ಗೆರೆ ಹಿಡಿದೆ. ಈ ಕೊಠಡಿಯನ್ನು ತರಗತಿಗೆ ಕೊಡಿಸಿದವರು ತಾವೆಂದು ಸಭೆಯಲ್ಲಿ ಹೇಳಿಕೊಂಡಿದ್ದ ಅಧ್ಯಕ್ಷರು ಅದರೊಳಗೆ ಎಂದೂ ಕಾಲಿಟ್ಟವರಲ್ಲ ಎಂಬುದು ನೆನಪಿಗೆ ಬಂತು. ಅವರು ಆ ಹುಡುಗಿಗೆ ಇವತ್ತಿನವರೆಗೂ ಒಂದು ಮಾತು ಹೇಳಿಲ್ಲ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಮರೆಯಬಾರದೆಂದು.

ಅವಳು ಬಂದಳು. ಕುರ್ಚಿಗಳನ್ನು ನೋಡಿದಳು, ಚೀಲದಿಂದ ಮಾರ್ಕರ್ ತೆಗೆದಳು. ಮಕ್ಕಳು ಇಲ್ಲಿಯ ರೂಢಿಯಂತೆ ಅವಳನ್ನು ಅಕ್ಕ ಎನ್ನದೆ “ಚೇಚಿ, ಚೇಚಿ” ಎನ್ನುತ್ತ ಸುತ್ತುವರಿದರು. ಅವತ್ತಿನ ಪಾಠ ಹಣ್ಣುಗಳ ಹೆಸರು. ನಾನು ಹಿಂದಿನ ಗೋಡೆಗೆ ಒರಗಿ ಕುಳಿತೆ.

ಮಾವಿನಹಣ್ಣು ಸರಿಯಾಗಿ ಬಂತು. ಹಲಸಿನಹಣ್ಣೂ ಬಂತು. ಮೂರನೆಯದನ್ನು ಅವಳು ದೊಡ್ಡದಾಗಿ, ಅಂದವಾಗಿ ಬರೆದಳು: ವಾಳೆಹಣ್ಣು.

ಇಲ್ಲಿನವರ ‘ವಾಳಪ್ಪಳಂ’ ಎಂಬ ಪದ ಅವಳ ಕೈಯಲ್ಲಿ ಕುಳಿತಿತ್ತು, ಬಂದುಬಿಟ್ಟಿತು. ನನ್ನ ನಾಲಿಗೆ ಹಲ್ಲಿನವರೆಗೆ ಬಂತು. ಎರಡೂ ಕೈಗಳಿಂದ ಕುರ್ಚಿಯ ಅಂಚನ್ನು ಹಿಡಿದುಕೊಂಡೆ. ಒಂದು ಮಗು ಅದನ್ನೇ ಪುಸ್ತಕಕ್ಕೆ ಇಳಿಸಿಕೊಳ್ಳುವುದು ಕಂಡಿತು. ನಾಳೆ ಅದರ ಮನೆಯಲ್ಲಿ ಯಾರಾದರೂ ಓದುತ್ತಾರೆ, ಇದೇ ನಮ್ಮ ಸಂಘದ ಕನ್ನಡ ಎನ್ನುತ್ತಾರೆ. ಆದರೂ ಕುಳಿತೇ ಇದ್ದೆ.

“ಚೇಚಿ” ಎಂದು ಮುಂದಿನ ಸಾಲಿನಿಂದ ನನ್ನ ಮೊಮ್ಮಗಳು ಕೈಯೆತ್ತಿದಳು. “ವಾ ಅಲ್ಲ, ಬಾ. ಬಾಳೆ. ನಮ್ಮ ತಾತ ದಿನಾ ತಿಂತಾರೆ.”

ಅವಳು ಬೋರ್ಡನ್ನು ನೋಡಿದಳು, ಹಣೆಗೆ ಕೈ ಬಡಿದುಕೊಂಡಳು. ಆಮೇಲೆ ಮಕ್ಕಳ ತಲೆಗಳ ಮೇಲಿಂದ ನನ್ನನ್ನು ನೋಡಿ, “ನೀವು ನೋಡಿದ್ರಿ” ಎಂದಳು.

“ಬಾಯಿ ಮುಚ್ಚಿಕೊಂಡಿದ್ದೆ” ಎಂದೆ.

“ಹೌದು. ಮುಖ ಮುಚ್ಚಿಕೊಳ್ಳಾಕ ಆಗ್ಲಿಲ್ಲ.”

ಮಕ್ಕಳೆಲ್ಲ ಹಿಂತಿರುಗಿ ನನ್ನ ಮುಖವನ್ನು ನೋಡಿ ನಕ್ಕರು. ಅವಳೂ ನಕ್ಕಳು. “ಬರ್ರಿ ಅಜ್ಜಾ, ನಿಮ್ಮ ಕೆಲಸ” ಎಂದು ಬೋರ್ಡಿನ ಕಡೆ ತೋರಿಸಿದಳು. ನಾನು ಎದ್ದು ಹೋಗಿ, ಪಕ್ಕದ ಅಕ್ಷರಕ್ಕೆ ತಾಗದಂತೆ ಎಚ್ಚರವಹಿಸಿ, ಒದ್ದೆ ಬಟ್ಟೆಯಿಂದ ‘ವಾ’ವನ್ನು ಒರೆಸಿದೆ. ಆ ಜಾಗ ಒಣಗುವವರೆಗೆ ಅವಳು ಕಾದಳು. ನಾನು ಬದಿಗೆ ಸರಿದು ನಿಂತೆ.