ಗಂಜಿ ಕುಡಿದ ಬತ್ತಿ

ಪಿಯೆದಾದ್ ನಮ್ಮ ವಾಡೊಗೆಲ್ಲ, ಇಡೀ ಕೇರಿಗೇ, ಮಾನಾ, ಅಂದರೆ ಅಕ್ಕ. ಮದುವೆಯಾಗಲಿಲ್ಲ. ಇಗರ್ಜಿಯ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವುದು ಅವಳ ಕೆಲಸ. ಅವಳು ಇಸ್ತ್ರಿ ಮಾಡಿದ ಬಲಿಪೀಠದ ಬಟ್ಟೆ ತಗಡಿನಂತೆ ನಿಲ್ಲುತ್ತಿತ್ತು. ಅದರ ಹೆಮ್ಮೆ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು ಎಂದು ನಾನು ಅವಳ ಎದುರಿಗೇ ಹೇಳಿದ್ದೇನೆ.

ಮೇ ತಿಂಗಳಲ್ಲಿ ದಾರಿಬದಿಯ ಶಿಲುಬೆಯ ಮುಂದೆ ನಾವು ಲದಿನ್ ಹಾಡುತ್ತೇವೆ. ಸಂತರನ್ನೆಲ್ಲ ಹೆಸರು ಹಿಡಿದು ಕರೆಯುವ ಪ್ರಾರ್ಥನೆ ಅದು. ಪಿಟೀಲು ನನ್ನದು; ಅದಕ್ಕೇ ಎಲ್ಲರೂ ನನ್ನನ್ನು ಮೆಸ್ತ್ರಿ ಎನ್ನುತ್ತಾರೆ. ದೊಡ್ಡ ಮೇಣದಬತ್ತಿ ಹಚ್ಚುವ ಹಕ್ಕು ಪಿಯೆದಾದಳ ಮನೆಯದು. ತೆಂಗಿನೆಣ್ಣೆ, ಜೇನುಮೇಣ ಸೇರಿಸಿ ಕಾಯಿಸಿ, ಬಿದಿರಿನ ಅಂಡೆಗೆ ಸುರಿದು ಅವಳ ತಾಯಿ ಕಾಯ್ತಾನಾ ಮಾಡುತ್ತಿದ್ದ ಬತ್ತಿ. ಒಳಗಿನ ನೂಲು ಮಾತ್ರ ಎಲ್ಲಿಂದಲೋ ಬಂದದ್ದಲ್ಲ. ಪಾದ್ರಿಗಳು ಆಶೀರ್ವದಿಸಿದ ಬಟ್ಟೆ ಹರಿದರೆ ಬಿಸಾಡುವ ಹಾಗಿಲ್ಲ, ಸುಡಬೇಕು. ಸುಡುವುದೇ ಆದರೆ ದೇವರ ಎದುರಿಗೇ ಸುಡೋಣ ಎಂದು ಬಲಿಪೀಠದ ಹಳೇ ಬಟ್ಟೆಯ ಎಳೆ ಬಿಡಿಸಿ ಹೆಣೆಯುತ್ತಿದ್ದರು.

ಕಾಯ್ತಾನಾ ತೀರಿಹೋಗಿ ಎಷ್ಟೋ ವರ್ಷ ಮಗಳ ಕೈಯಲ್ಲೂ ಅದು ಚೆನ್ನಾಗಿಯೇ ಉರಿಯಿತು. ಹೋದ ವರ್ಷ ಮಾತ್ರ ಅರ್ಧ ಸಂತರು ಬಾಕಿ ಇರುವಾಗಲೇ ನಂದಿಹೋಯಿತು. ನನ್ನ ಕಮಾನು ತಂತಿಯ ಮೇಲೇ ನಿಂತುಬಿಟ್ಟಿತು.

ಪಕ್ಕದ ಮನೆಯ ನತಿವಿದಾದ್ ಬಾಯಿಗೆ ಬೀಗ ಹಾಕುವವಳಲ್ಲ.

"ಮಾನಾ, ಬರೋ ವರ್ಷನೂ ಹೀಗಾದ್ರೆ ಅಂಗಡಿ ಬತ್ತಿ ತಂದು ನಾನೇ ಹಚ್ತೀನಿ. ಪಾಪ, ಆ ಸಂತರಾದ್ರೂ ಎಷ್ಟೂಂತ ಕತ್ತಲಲ್ಲಿ ಕಾಯ್ತಾರೆ?"

"ನಾನು ಸತ್ತ ಮೇಲೆ ಹಚ್ಚು," ಎಂದಳು ಪಿಯೆದಾದ್.

ಆದರೆ ವಾಡೊದ ಹಿರಿಯರೂ ನತಿವಿದಾದಳ ಮಾತಿಗೇ ತಲೆಯಾಡಿಸಿದರು. ಇನ್ನೊಮ್ಮೆ ನಂದಿದರೆ ಹಕ್ಕು ಹೋಯಿತು ಎಂದೇ ಲೆಕ್ಕ.

ಮಳೆಗಾಲ ಮುಗಿದದ್ದೇ ತಡ, ಪಿಯೆದಾದ್ ಒಲೆಯ ಮುಂದೆ ಕೂತಳು. ತೆಳು ಬತ್ತಿ ಹೆಣೆದಳು. ಕರಗಿದ ಮೇಣದಲ್ಲಿ ಅದು ಮುಳುಗಿ ಸತ್ತಿತು. ದಪ್ಪ ಹೆಣೆದಳು. ಅದು ಹೊಗೆ ಉಗುಳಿ ಅಡುಗೆಮನೆಯ ಸುಣ್ಣದ ಗೋಡೆಯನ್ನೆಲ್ಲ ಕಪ್ಪು ಮಾಡಿತು. ನಡುವಿನದು ಮೊದಲು ಚೆಂದ ಉರಿದು, ಆಮೇಲೆ ಜೋಳದ ಕಾಳಿನಷ್ಟಾಗಿ, ಚಿಟಿಚಿಟಿ ಅಂದು ಕಣ್ಣು ಮುಚ್ಚಿತು. ಎಣ್ಣೆ ಸರಿಯಿಲ್ಲ ಎಂದು ಗಾಣದವನ ಮೇಲೆ ಹರಿಹಾಯ್ದಳು. ಮೇಣದಲ್ಲಿ ಕಸ ಎಂದು ಘಟ್ಟದಿಂದ ಬರುವ ಜೇನಿನವನ ಜನ್ಮ ಜಾಲಾಡಿದಳು.

"ಅಂಗಡಿ ಬತ್ತಿನೂಲು ಹಾಕಿಬಿಡು ಮಾನಾ, ಒಳಗಿರೋದು ಯಾರಿಗೆ ಕಾಣತ್ತೆ?" ಎಂದೆ.

"ನಿನ್ನ ಪಿಟೀಲಿಗೆ ತಂತಿ ಬದ್ಲು ಸೆಣಬಿನ ದಾರ ಕಟ್ಕೊ. ಅದೂ ಯಾರಿಗೂ ಕಾಣಲ್ಲ."



ಈಸ್ಟರ್ ಕಳೆದ ಮೇಲೆ ಒಂದು ದಿನ ನನ್ನ ಕೋಟು ಇಸ್ತ್ರಿಗೆ ಕೊಡಲು ಹೋಗಿದ್ದೆ. ಒಲೆಯ ಮೇಲೆ ಮೇಣ, ಮೇಜಿನ ಮೇಲೆ ಬಲಿಪೀಠದ ಬಟ್ಟೆ. ಸೌಟು ತಿರುಗಿಸುವಾಗ ಒಂದೆರಡು ತೊಟ್ಟು ಸಿಡಿದವು. ಅವಳ ಹಳೇ ಲಂಗದ ಮೇಲೆ ಬಿದ್ದದ್ದು ತಕ್ಷಣ ಇಂಗಿತು. ಬಲಿಪೀಠದ ಬಟ್ಟೆಯ ಮೇಲೆ ಬಿದ್ದದ್ದು ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತು, ಅಲ್ಲೇ ಬೆಳ್ಳಗೆ ಗಟ್ಟಿಯಾಯಿತು.

ಪಿಯೆದಾದ್ ಅದನ್ನೇ ನೋಡಿದಳು. ಉಗುರಿನಿಂದ ಕೆರೆದಳು. ಹಪ್ಪಳದ ಚೂರಿನಂತೆ ಎದ್ದು ಬಂತು.

"ಗಂಜಿ," ಎಂದಳು. "ಹೊಟ್ಟೆ ತುಂಬ ಗಂಜಿ ಕುಡಿದ ನೂಲು ಮೇಣ ಎಲ್ಲಿ ಕುಡಿಯತ್ತೆ!"

ಆಮೇಲೆ ಸ್ಟೂಲಿನ ಮೇಲೆ ಕುಸಿದು ಅಳತೊಡಗಿದಳು. ಕಾಯ್ತಾನಾ ಬಟ್ಟೆಗೆ ಗಂಜಿ ಹಾಕಿದರೂ ಹಾಕದ ಹಾಗೇ ಇರುತ್ತಿತ್ತು. ಬಲಿಪೀಠದ ಮೇಲೆ ಅದು ಜೋತುಬೀಳುವುದನ್ನು ನೋಡಿ ಊರೇ ನಗುತ್ತಿತ್ತು. ಅಕ್ಕಿ ಉಳಿಸಿ ಪಾಯಸ ಮಾಡುತ್ತಾಳೆ ಎಂದು ಆಡಿಕೊಳ್ಳುತ್ತಿತ್ತು. ಆ ನಗು ತಡೆಯಲಾರದೆ ಮಗಳು ಕೆಲಸ ಕೈಗೆ ತೆಗೆದುಕೊಂಡು ಗಂಜಿಯನ್ನು ದಪ್ಪಗೆ ಸುರಿದಿದ್ದಳು. ತಾಯಿ ಒಗೆದ ಬಟ್ಟೆಗಳು ಮುಗಿಯುವವರೆಗೆ ಬತ್ತಿ ಉರಿದವು. ಮಗಳು ಒಗೆದದ್ದು ಹರಿದು ಬತ್ತಿಯಾಗುವ ಸರದಿ ಬಂದಾಗ ನಂದಿದವು.

"'ಸಾಕು ಬಾಯ್, ಸಾಕು ಮಗಳೇ' ಅಂತಿದ್ಲು ನಮ್ಮ ಮಾಯ್. ಅಕ್ಕಿ ಮೇಲಿನ ಆಸೆಗೆ ಅಂತಾಳೆ ಅಂದ್ಕೊಂಡೆ. ನಾನೂ ಊರಿನವರ ಜತೆ ಸೇರಿ ನಕ್ಕುಬಿಟ್ಟೆ, ಮೆಸ್ತ್ರಿ."

ಕಣ್ಣೊರೆಸಿಕೊಂಡು ಎದ್ದವಳು ಮತ್ತೆ ಕೂರಲಿಲ್ಲ. ಹಳೇ ಬಟ್ಟೆಯನ್ನು ಸೋಡಾ ಹಾಕಿ ಕುದಿಸಿದಳು, ಕಲ್ಲಿನ ಮೇಲೆ ಉಜ್ಜಿದಳು, ಮತ್ತೆ ಕುದಿಸಿದಳು. ಬಟ್ಟೆ ಮುದುಕಿಯ ಕೆನ್ನೆಯಂತೆ ಮೆತ್ತಗಾದ ಮೇಲೆ ಎಳೆ ಬಿಡಿಸಿ, ನಡುವಿನ ದಪ್ಪಕ್ಕೆ ಜಡೆ ಹೆಣೆದಳು.

ಲದಿನ್ ದಿನ ಸಮುದ್ರದ ಗಾಳಿ ಜೋರಾಗಿತ್ತು. ಜ್ವಾಲೆ ಬಗ್ಗಿತು, ಎದ್ದಿತು, ಮತ್ತೆ ಬಗ್ಗಿತು. ಕೊನೆಯ ಸಂತರ ಹೆಸರೂ ಮುಗಿಯಿತು. ಬೇಯಿಸಿದ ಕಡಲೆ ಹಂಚಿದರು, ಫೆನಿ ಸುರಿದರು. ಬತ್ತಿ ಇನ್ನೂ ಉರಿಯುತ್ತಲೇ ಇತ್ತು. ನತಿವಿದಾದ್ ಕಡಲೆ ಜಗಿಯುತ್ತ ಬೇರೆ ಕಡೆ ನೋಡಿದಳು.

ಮುಂದಿನ ಭಾನುವಾರ ಬಲಿಪೀಠಕ್ಕೆ ಹೊಸ ಬಟ್ಟೆ. ಅಂಚು ಮೆತ್ತಗೆ ಜೋತುಬಿದ್ದಿತ್ತು. ನತಿವಿದಾದಳಿಗೆ ಅಷ್ಟೇ ಸಾಕಿತ್ತು. ಪೂಜೆ ಮುಗಿದದ್ದೇ ಬಾಗಿಲಲ್ಲಿ ಹಿಡಿದಳು.

"ಏನ್ ಮಾನಾ, ಗಂಜಿಗೂ ಅಕ್ಕಿ ಇರ್ಲಿಲ್ವಾ? ಪಾಯಸ ಮಾಡ್ಕೊಂಡ್ಯಾ?"

"ಆ ಬಟ್ಟೆ ಹರಿದು ಬತ್ತಿ ಆಗೋ ಹೊತ್ತಿಗೆ ನಾನಿರಲ್ಲ ನತಿವಿದಾದ್," ಎಂದಳು ಪಿಯೆದಾದ್. "ಆಗ ನೀನೇ ಹಚ್ಚು. ಆರಲ್ಲ."