ಕಾಯುವುದನ್ನು ಕಲಿಸಿದವರು

ಮಾತು ಕಳೆದುಕೊಂಡವರಿಗೆ ಮಾತನ್ನು ಮರಳಿ ಕಲಿಸುವ ವಿದ್ಯೆ ನಮ್ಮಲ್ಲಿ ಇನ್ನೂ ಎಳೆಯದು. ಕೈ ಮುರಿದರೆ ಎಲ್ಲಿಗೆ ಹೋಗಬೇಕು, ಹಲ್ಲು ನೋವಾದರೆ ಯಾರ ಬಾಗಿಲು ತಟ್ಟಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಂದು ಬೆಳಿಗ್ಗೆ ಎದ್ದಾಗ ಹೆಂಡತಿಯ ಹೆಸರು ನಾಲಿಗೆಗೆ ಬಾರದೆ ಹೋದರೆ, 'ನೀರು' ಎನ್ನಲು ಹೊರಟ ಬಾಯಿ 'ಬಾಗಿಲು' ಎಂದುಬಿಟ್ಟರೆ, ಅದಕ್ಕೂ ಒಂದು ಚಿಕಿತ್ಸೆ ಇದೆ ಎಂದು ಈ ಊರಿನ ಜನ ನಂಬುವಂತೆ ಮಾಡಿದವರು ನಮ್ಮ ಮೇಡಂ. ಮೂರು ದಶಕಗಳಿಗೂ ಮಿಕ್ಕ ಕಾಲ ಸರ್ಕಾರಿ ಆಸ್ಪತ್ರೆಯ ವಾಕ್ ಚಿಕಿತ್ಸಾ ವಿಭಾಗವನ್ನು ಕಟ್ಟಿ ಬೆಳೆಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅವರ ಕುರಿತು ಬರೆಯಬೇಕೆಂದು ಈ ಅಭಿನಂದನಾ ಸಂಪುಟದ ಸಮಿತಿಯವರು ಕೇಳಿದಾಗ ನನಗೆ ಹೆಮ್ಮೆಯೂ ಆಯಿತು, ಅಳುಕೂ ಆಯಿತು. ಅವರ ವಿದ್ವತ್ತಿನ ಬಗ್ಗೆ, ಅವರು ರೂಪಿಸಿದ ಪರೀಕ್ಷಾ ವಿಧಾನಗಳ ಬಗ್ಗೆ ನನಗಿಂತ ಬಲ್ಲವರು ಇದೇ ಸಂಪುಟದಲ್ಲಿ ಬರೆದಿದ್ದಾರೆ. ನಾನು ಅವರ ವಿದ್ಯಾರ್ಥಿನಿಯಾಗಿ ಬಂದು ಸಹೋದ್ಯೋಗಿಯಾಗಿ ಉಳಿದವಳು, ಅವರ ಮನೆಯ ಸುಖದುಃಖಗಳನ್ನು ಹತ್ತಿರದಿಂದ ಕಂಡವಳು. ಅದನ್ನೇ ಬರೆಯಲು ಅವರ ಅನುಮತಿ ಕೇಳಿದೆ. "ಬರಿ. ಆದ್ರೆ ನನ್ನ ಹೊಗಳ್ಬೇಡ, ನಮ್ಮನೆಯೋರ ವಿಷಯ ಬರಿ" ಎಂದರು. ಷರತ್ತಿನ ಮೊದಲ ಭಾಗವನ್ನು ಪಾಲಿಸುವುದು ನನ್ನ ಕೈಲಾಗದ ಕೆಲಸ. ಎರಡನೆಯದನ್ನು ಸಂತೋಷದಿಂದ ಪಾಲಿಸುತ್ತೇನೆ.

ನಾನು ತರಬೇತಿಗೆಂದು ಬಂದಾಗ ವಿಭಾಗವೆಂದರೆ ಎಕ್ಸ್-ರೇ ಕೋಣೆಯ ಪಕ್ಕದ ಒಂದೇ ಒಂದು ಕೋಣೆ. ಒಂದು ಮೇಜು, ಕಾಲು ಅಲುಗುವ ಕುರ್ಚಿಗಳು, ರೋಗಿಗಳು ತಮ್ಮ ತುಟಿಯ ಚಲನೆ ನೋಡಿಕೊಳ್ಳಲೆಂದು ಗೋಡೆಗೊಂದು ಕನ್ನಡಿ, ಚಿತ್ರಗಳಿರುವ ಕಾರ್ಡುಗಳ ಪೆಟ್ಟಿಗೆ. ನಾನು ಅಲ್ಲಿ ಕಂಡ ಮೊದಲ ರೋಗಿ ಒಬ್ಬ ದರ್ಜಿ. ಪಾರ್ಶ್ವವಾಯು ಹೊಡೆದು ಅವರ ಕೈಕಾಲು ಸುಧಾರಿಸಿತ್ತು, ಮಾತು ಮಾತ್ರ ಹೋಗಿತ್ತು. ಮೇಡಂ ಕತ್ತರಿಯ ಚಿತ್ರ ತೋರಿಸಿದರು. ದರ್ಜಿಯ ಮುಖ ಕೆಂಪಾಯಿತು, ಗಂಟಲಿನ ನರ ಉಬ್ಬಿತು. ಪಕ್ಕದಲ್ಲಿದ್ದ ಹೆಂಡತಿ ತಡೆಯಲಾರದೆ "ಕತ್ತರಿ, ಕತ್ತರಿ ಅನ್ನಿ" ಎಂದುಬಿಟ್ಟರು.

ಮೇಡಂ ಕಾರ್ಡನ್ನು ಮೇಜಿನ ಮೇಲಿಟ್ಟು ಮೆತ್ತಗೆ ಹೇಳಿದರು: "ಅಮ್ಮಾ, ಅವರ ಮಾತು ಹತ್ರ ಬಂದಿರುತ್ತೆ. ನೀವು ಹೇಳ್ಬಿಟ್ರೆ ಅದು ವಾಪಸ್ ಹೋಗ್ಬಿಡುತ್ತೆ. ಸ್ವಲ್ಪ ಕಾಯ್ಬೇಕು."

"ನೋಡೋಕಾಗಲ್ಲ ಮೇಡಂ."

"ನನ್ನ ಮುಖ ನೋಡಿ ಹಾಗಾದ್ರೆ."

ಆಕೆ ನಿಜವಾಗಿಯೂ ಮೇಡಂ ಮುಖವನ್ನೇ ನೋಡುತ್ತ ಕೂತರು. ಹೊರಗೆ ಗಾಲಿಕುರ್ಚಿಗಳು ಹೋದವು, ಬಂದವು. ಕೊನೆಗೆ 'ಕತ್... ಕತ್ತರಿ' ಎಂಬ ಸದ್ದು ಬಂದಾಗ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಮೇಡಂ ಏನೂ ಆಗದವರಂತೆ "ಸರಿ, ಮುಂದಿಂದು" ಎಂದು ಸೂಜಿಯ ಚಿತ್ರ ಎತ್ತಿಕೊಂಡರು. ಇನ್ನೊಬ್ಬರ ವಾಕ್ಯವನ್ನು ನಾವು ಮುಗಿಸಬಾರದು ಎಂಬುದು ಆ ಕೋಣೆಯ ಮೊದಲ ನಿಯಮವಾಗಿತ್ತು.

ನನಗೆ ಮಗುವಾದಾಗ ಕೆಲಸ ಬಿಡುವುದೆಂದು ತೀರ್ಮಾನಿಸಿದ್ದೆ. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ರಾಜೀನಾಮೆಯ ಮಾತೆತ್ತಿದೊಡನೆ ಮೇಡಂ, "ಬಿಡೋದು ಯಾಕೆ? ಮಗೂನ ನಮ್ಮತ್ತೆ ಹತ್ರ ಬಿಡು" ಎಂದರು. ಮಾರನೆಯ ದಿನವೇ ನಾನು ತೊಟ್ಟಿಲ ಕೂಸಿನೊಂದಿಗೆ ಬಸ್ ಡಿಪೋ ಹಿಂದಿನ ಓಣಿಯಲ್ಲಿದ್ದ ಅವರ ಮನೆಯ ಕಿರಿದಾದ ಮೆಟ್ಟಿಲು ಹತ್ತಿದೆ. ಹೀಗೆ ನನಗೆ ಆ ಮನೆಯ ಪರಿಚಯವಾಯಿತು. ಕೈಗೆ ಬಂದ ಕೂಸನ್ನು ಯಾರದೆಂದೂ ಕೇಳದೆ ಎತ್ತಿಕೊಳ್ಳುವ ಅತ್ತೆಯವರು, ಓದುತ್ತಿದ್ದ ಮಗಳು, ಮತ್ತು ಬಸ್ ಕಂಡಕ್ಟರ್ ಆಗಿದ್ದ ಯಜಮಾನರು. ಅತ್ತೆಯವರನ್ನು ಓಣಿಗೆ ಓಣಿಯೇ ಅಜ್ಜಿ ಎಂದು ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಯಜಮಾನರು ತಮ್ಮ ಮನೆಗೆ ಬಂದವರನ್ನೂ "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ" ಎಂದೇ ಬರಮಾಡಿಕೊಳ್ಳುತ್ತಿದ್ದರು. ಅವರು ಓಣಿಯ ತಿರುವಿಗೆ ಬಂದಾಗಲೇ ಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದರು. ಅಷ್ಟು ದೊಡ್ಡ ಗಂಟಲು, ಅಷ್ಟು ದೊಡ್ಡ ನಗು.

ಆ ಗಂಟಲು ಒಂದು ಬೆಳಿಗ್ಗೆ, ತುಂಬಿದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಾಗಲೇ ನಿಂತುಹೋಯಿತು. ಚಾಲಕರು ಪ್ರಯಾಣಿಕರ ಸಮೇತ ಬಸ್ಸನ್ನು ನೇರ ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸಿದ್ದರಿಂದ ಜೀವ ಉಳಿಯಿತು. ಬಲಗೈ ಸೋತಿತ್ತು. ಮಾತುಗಳೆಲ್ಲ ಹೋಗಿ ಒಂದೇ ಒಂದು ಉಳಿದಿತ್ತು: 'ರೈಟ್'. ನೀರು ಬೇಕೆಂದರೂ ರೈಟ್, ನೋವೆಂದರೂ ರೈಟ್, ತಾಯಿಯನ್ನು ಕಂಡಾಗಲೂ ರೈಟ್. ಬಾಯಿಗೆ ರೂಢಿಯಾದ ಮಾತು ಎಲ್ಲಕ್ಕಿಂತ ಕೊನೆಗೆ ಬಿಟ್ಟುಹೋಗುತ್ತದೆಂದು ನಮ್ಮ ಶಾಸ್ತ್ರದಲ್ಲಿದೆ. ಪಕ್ಕದ ಮಂಚದವರು ಮೊದಲ ಸಲ ಕೇಳಿ ನಕ್ಕರು, ಆಮೇಲೆ ಯಾರೂ ನಗಲಿಲ್ಲ.

ಮೇಡಂ ಅವರೇ ಚಿಕಿತ್ಸೆ ಮಾಡುತ್ತಾರೆಂದು ಇಡೀ ಆಸ್ಪತ್ರೆ ಭಾವಿಸಿತ್ತು. ಅವರು ನನ್ನನ್ನು ಕರೆದು, "ಇವರನ್ನ ನೀನು ನೋಡ್ಕೋ" ಎಂದರು.

"ನೀವಿದ್ದೂ ನಾನಾ, ಮೇಡಂ?"

"ಈ ಕೋಣೇಲಿ ಈಗ ನೀನೇ ಮೇಡಂ. ನಾನು ಹೆಂಡ್ತಿ. ಹೊರಗೆ ಕೂತಿರ್ತೀನಿ."

ಹಾಗೆಯೇ ಕೂತರು. ಅಷ್ಟು ವರ್ಷ ಬೇರೆ ಹೆಂಗಸರನ್ನು ಕೂರಿಸಿದ್ದ ಅದೇ ಬೆಂಚಿನ ಮೇಲೆ, ಅವರ ಸಾಲಿನಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ನರ್ಸ್ ಕುರ್ಚಿ ತಂದರೂ ಬೇಡವೆಂದರು.

ಮೊದಮೊದಲು ಸುಧಾರಣೆ ಕಂಡಿತು. ಅನಂತರ ನಿಂತುಹೋಯಿತು. ಕೋಣೆಯಲ್ಲಿ ಬಂದ ಮಾತು ಮನೆಗೆ ಹೋಗಿ ಮರುದಿನ ಬರುವಷ್ಟರಲ್ಲಿ ಅಳಿಸಿಹೋಗಿರುತ್ತಿತ್ತು. ನನಗೆ ಕಾರಣ ತಿಳಿಯಲಿಲ್ಲ. ತಿಳಿಸಿದ್ದು ಮಗಳು. ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಅಪ್ಪ ಬಾಯಿ ತೆಗೆಯೋ ಮುಂಚೆ ಅಮ್ಮಾನೇ ಹೇಳ್ಬಿಡ್ತಾರೆ. ಕಾಫೀನಾ, ಟವೆಲ್ಲಾ, ಫ್ಯಾನ್ ಹಾಕ್ಲಾ ಅಂತ. ಅಪ್ಪ ತಲೆ ಆಡಿಸಿದ್ರೆ ಮುಗೀತು. ನಾನು ಹೇಳಿದ್ರೆ ಕೇಳಲ್ಲ. ನೀವು ಹೇಳಿ" ಎಂದಳು.

ಗುರುವಿಗೆ ಗುರುವಿನ ಪಾಠವನ್ನೇ ಒಪ್ಪಿಸುವುದೆಂದರೆ ಏನೆಂದು ಆ ವಾರ ನನಗೆ ತಿಳಿಯಿತು. ಧೈರ್ಯ ತಂದುಕೊಂಡು ಹೇಳಿದೆ. ಅವರು ಕನ್ನಡಿಯ ಕಡೆ ತಿರುಗಿದರು.

"ಗೊತ್ತು ಕಣೆ. ಹೇಳ್ಬಾರ್ದು ಅಂತ ಗೊತ್ತು. ಆದ್ರೆ ಅಷ್ಟು ಮಾತಾಡ್ತಿದ್ದ ಮನುಷ್ಯ ಒಂದು ಲೋಟಕ್ಕೆ ಹಾಗೆ ಒದ್ದಾಡೋದು ನೋಡ್ತಾ ಸುಮ್ನೆ ಕೂರೋಕೆ ನನ್ನ ಕೈಲಿ ಆಗ್ತಿಲ್ಲ." ಮತ್ತೆ ಹೇಳಿದರು: "ಇಷ್ಟು ವರ್ಷ ಆ ಹೆಂಗಸರಿಗೆಲ್ಲ ಕಾಯಿರಿ, ಕಾಯಿರಿ ಅಂತ ಎಷ್ಟು ಸಲೀಸಾಗಿ ಹೇಳ್ಬಿಟ್ಟೆ."

ಮರುದಿನದಿಂದ ಅವರು ಪ್ರಯತ್ನಪಟ್ಟರು. ಪೂರ್ತಿ ಆಗಲಿಲ್ಲ. ಆದರೆ ಮುಂದೆ ನಡೆದದ್ದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನರು "ನಂ... ನಂಗೆ..." ಎಂದು ಶುರುಮಾಡಿದರು. ಮೇಡಂ ಮರೆತು, "ನೀರಾ? ಉಪ್ಪಾ? ಇನ್ನೊಂಚೂರು ಬಡಿಸ್ಲಾ?" ಎಂದರು. ಯಜಮಾನರು ಎಡಗೈಯಿಂದ ಮೇಜನ್ನು ಗುದ್ದಿದರು. ತಟ್ಟೆಗಳು ಹಾರಿದವು.

"ಸುಮ್ನಿರು. ನಾ... ನಾನೇ ಹೇಳ್ತೀನಿ."

ಅಜ್ಜಿ, "ಹೇಳು ಮತ್ತೆ, ಏನ್ ಬೇಕು?" ಎಂದರು. ಯಜಮಾನರು ಯೋಚಿಸಿದರು. ಏನು ಬೇಕಾಗಿತ್ತೆಂಬುದು ಸಿಟ್ಟಿನಲ್ಲಿ ಮರೆತೇಹೋಗಿತ್ತು. ಮೊದಲು ನಕ್ಕವರು ಅವರೇ.

ಅದೇ ಮಧ್ಯಾಹ್ನ ಮೇಡಂ ಆಸ್ಪತ್ರೆಯ ಮೆಟ್ಟಿಲನ್ನು ಓಡುತ್ತ ಹತ್ತಿ ಬಂದಾಗ ಏನೋ ಕೆಟ್ಟದ್ದು ಆಗಿದೆಯೆಂದು ನಾನು ಬಾಗಿಲಿಗೆ ಓಡಿದೆ. "ಬೈದ್ರು ಕಣೆ, ನಂಗೆ ಬೈದ್ರು. ಕರ್ತೃಪದ ಇತ್ತು, ಕ್ರಿಯಾಪದ ಇತ್ತು, ಎಲ್ಲಾ ಸರಿಯಾಗಿತ್ತು" ಎಂದರು, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ. ಗಂಡನಿಂದ ಬೈಸಿಕೊಂಡ ಸುದ್ದಿಯನ್ನು ವಾರ್ಡಿಗೆಲ್ಲ ಹಂಚಿದ ಹೆಂಡತಿಯನ್ನು ತಮ್ಮ ವೃತ್ತಿಜೀವನದಲ್ಲಿ ಕಂಡಿರಲಿಲ್ಲವೆಂದು ನಮ್ಮ ನರರೋಗ ತಜ್ಞರು ಈಗಲೂ ನೆನೆಸಿಕೊಳ್ಳುತ್ತಾರೆ.

ಅಲ್ಲಿಂದ ಮುಂದೆ ಮಾತು ನಿಧಾನವಾಗಿ, ಕುಂಟುತ್ತ, ಆದರೆ ಹಿಂದೆ ಸರಿಯದೆ ಬಂತು. ಮೇಡಂ ತಮ್ಮ ಅನುಭವದಿಂದ ಕಲಿತದ್ದನ್ನು ವಿಭಾಗಕ್ಕೆ ತಂದರು. ರೋಗಿಗಳ ಜೊತೆಗೆ ಅವರ ಮನೆಯವರೂ ಸೇರುವ ಶನಿವಾರದ ಕೂಟ ಆರಂಭವಾದದ್ದು ಆಗಲೇ. ಯಜಮಾನರು ಅದರ ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕಳಿಸಿ, ಜಾಗ ತೋರಿಸಿ ಕೂರಿಸುತ್ತಿದ್ದರು. ಗುಣಮುಖರಾಗಿ ಅಂಗಡಿ ತೆರೆದಿದ್ದ ನಮ್ಮ ದರ್ಜಿಯೂ ಹೆಂಡತಿಯ ಸಮೇತ ಬರುತ್ತಿದ್ದರು.

ಬಲಗೈ ಪೂರ್ತಿ ಬಾರದ್ದರಿಂದ ಯಜಮಾನರಿಗೆ ಡಿಪೋದ ಕಚೇರಿಯಲ್ಲಿ ಕೆಲಸ ಕೊಟ್ಟಿದ್ದರು. ನಿವೃತ್ತಿ ಹತ್ತಿರ ಬಂದಾಗ ಅವರು ಡಿಪೋ ಮ್ಯಾನೇಜರರ ಮುಂದೆ ನಿಂತು ತಾವೇ ಕೇಳಿದರು: "ಒಂದು... ಟ್ರಿಪ್. ಒಂದೇ." ಟಿಕೆಟ್ ಕೊಡಲು ಇನ್ನೊಬ್ಬ ಕಂಡಕ್ಟರ್ ಇರಬೇಕು, ಸ್ಟಾಪ್ ಕೂಗುವುದು ಮಾತ್ರ ಇವರು ಎಂದು ಒಪ್ಪಂದವಾಯಿತು.

ಹಾಗೆ ನಿಗದಿಯಾದ ಶನಿವಾರದ ಬೆಳಿಗ್ಗೆ ಬಸ್ಸಿನ ಅರ್ಧದಷ್ಟು ನಮ್ಮ ಕೂಟದವರು, ಉಳಿದರ್ಧ ಏನೂ ಅರಿಯದ ಪ್ರಯಾಣಿಕರು. ಯಜಮಾನರು ಇಸ್ತ್ರಿ ಮಾಡಿದ ಹಳೆಯ ಸಮವಸ್ತ್ರ ತೊಟ್ಟು, ಎಡಗೈಯಲ್ಲಿ ಕಂಬಿ ಹಿಡಿದು ನಿಂತರು. ಮೊದಲ ಸ್ಟಾಪ್ ಗಡಿಯಾರದ ಗೋಪುರ. ಚಾಲಕರು ವೇಗ ತಗ್ಗಿಸಿದರು. "ಗ... ಗಡಿ..." ಎಂದು ಮಾತು ಅಲ್ಲೇ ಸಿಕ್ಕಿಕೊಂಡಿತು. ಕಚೇರಿಗೆ ಹೊರಟ ಒಬ್ಬರು ತಾಳ್ಮೆಗೆಟ್ಟು, "ಗಡಿಯಾರದ್ ಗೋಪುರ ತಾನೇ, ನಡೀರಿ ಸ್ವಾಮಿ" ಎಂದರು.

ದರ್ಜಿ ಹಿಂತಿರುಗಿ ಬೆರಳೆತ್ತಿದರು. "ಶ್. ಅವ್ರು... ಹೇಳ್ತಾರೆ."

ಬಸ್ಸಿಗೆ ಬಸ್ಸೇ ಕಾದಿತು. ಹಿಂದಿನ ವಾಹನಗಳು ಹಾರ್ನ್ ಹೊಡೆದವು. ಚಾಲಕರು ಕದಲಲಿಲ್ಲ. "ಗಡಿಯಾರದ... ಗೋಪುರ" ಎಂದು ಆ ಹಳೆಯ ದೊಡ್ಡ ಗಂಟಲು ಕೂಗಿದಾಗ ಬಿದ್ದ ಚಪ್ಪಾಳೆಗೆ ಫುಟ್‌ಪಾತಿನ ಜನ ನಿಂತು ನೋಡಿದರು. ಅಲ್ಲಿಂದ ನೂಲಿನ ಗಿರಣಿ, ಕೆರೆ ಏರಿ, ಹೆಣ್ಣುಮಕ್ಕಳ ಶಾಲೆ, ಒಂದೊಂದನ್ನೂ ಅವರೇ ಹೇಳಿದರು. ಅರ್ಧ ದಾರಿಗೆ "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂಬ ಹಳೆಯ ಸುಳ್ಳೂ ಬಂತು. ಮೇಡಂ ಕಿಟಕಿಯ ಪಕ್ಕದ ಸೀಟಿನಲ್ಲಿ ತುಟಿ ಬಿಗಿಹಿಡಿದು ಕೂತಿದ್ದರು, ದಾರಿಯುದ್ದಕ್ಕೂ ಒಂದಕ್ಷರ ಆಡಲಿಲ್ಲ. ಕೊನೆಗೆ ಯಜಮಾನರು ಅವರ ಮುಂದೆ ಬಂದು ನಿಂತು, "ಇಳೀರಿ... ಮೇಡಂ. ಲಾಸ್ಟ್ ಸ್ಟಾಪ್" ಎಂದರು. ತಮ್ಮ ಸ್ಟಾಪ್ ಬಿಟ್ಟು ಅಲ್ಲಿಯವರೆಗೂ ಬಂದಿದ್ದ ಆ ಕಚೇರಿಯವರು ಇಳಿಯುವಾಗ ಯಜಮಾನರ ಎಡಗೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ನನ್ನ ವೃತ್ತಿಯಲ್ಲಿ ಗೆಲುವು ಎಂಬ ಪದಕ್ಕೆ ಏನಾದರೂ ಅರ್ಥವಿದ್ದರೆ ನಾನು ಅದನ್ನು ಕಂಡದ್ದು ಆ ಬಸ್ಸಿನಲ್ಲಿ.

ಅನಂತರದ ಕೆಲವು ವರ್ಷ ಆ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಮಗಳ ಮದುವೆಯಾಯಿತು, ಪಕ್ಕದ ಬೀದಿಯಲ್ಲೇ ಮನೆ ಮಾಡಿದಳು. ಮೊಮ್ಮಗಳಿಗೆ ಕಥೆ ಹೇಳಲು ತಾತನಷ್ಟು ನಿಧಾನದವರು ಯಾರೂ ಸಿಕ್ಕಲಿಲ್ಲ, ಅವಳಿಗೆ ಅಂಥ ಕಥೆಯೇ ಬೇಕಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದ ಯಜಮಾನರು ಏಳಲಿಲ್ಲ. ಹೃದಯ ನಿಂತಿತ್ತು. ನಾನು ಹೋದಾಗ ಅಜ್ಜಿ ಮಗನ ಪಾದದ ಹತ್ತಿರ ಕೂತಿದ್ದರು. "ಇವನ ಸದ್ದಿಲ್ದೆ ಮನೆ ಎಷ್ಟು ದೊಡ್ಡದಾಗೋಯ್ತು ನೋಡು" ಎಂದರು. ನಾನು ಮೇಡಂ ಪಕ್ಕದಲ್ಲಿ ಕೂತು ಕಾದೆ. ಅವರಿಂದ ಕಲಿತ ವಿದ್ಯೆ ಅದೊಂದೇ ಅಂದು ಉಪಯೋಗಕ್ಕೆ ಬಂದದ್ದು.

ಮೇಡಂ ಸ್ವಯಂ ನಿವೃತ್ತಿ ಪಡೆಯುತ್ತಾರೆಂಬ ಮಾತು ಹರಡಿತು. ಅದನ್ನು ನಿಲ್ಲಿಸಿದವರು ಅಜ್ಜಿ. ಮಗನನ್ನು ಕಳೆದುಕೊಂಡ ಆ ಹಿರಿಯ ಜೀವ ಗಂಡನನ್ನು ಕಳೆದುಕೊಂಡ ಸೊಸೆಗೆ ಹೇಳಿತು: "ನಿನ್ ಮುಖ ನಾನು, ನನ್ ಮುಖ ನೀನು ನೋಡ್ಕೊಂಡು ಎಷ್ಟು ದಿನ ಕೂರೋದು? ಕೆಲಸಕ್ಕೆ ಹೋಗು. ಸಾಯಂಕಾಲ ಬಂದು ಇವತ್ತು ಯಾರು ಏನಂದ್ರು ಹೇಳು. ನಂಗೂ ಹೊತ್ತು ಹೋಗ್ಬೇಕಲ್ಲ." ಮೇಡಂ ಹೊರಟರು. ಅಂದಿನಿಂದ ಇಂದಿನವರೆಗೆ ಪ್ರತಿ ಸಂಜೆ, ಇಂದು ಯಾವ ರೋಗಿಯ ಬಾಯಿಂದ ಯಾವ ಹೊಸ ಪದ ಬಂತೆಂಬ ವರದಿ ಅಜ್ಜಿಗೆ ಸಲ್ಲುತ್ತಲೇ ಇದೆ. ನಮ್ಮ ರೋಗಿಗಳ ಪ್ರಗತಿ ನಮಗಿಂತ ಅವರಿಗೆ ಚೆನ್ನಾಗಿ ನೆನಪಿದೆ.

ಮೇಡಂ ಅವರ ಸೇವೆಯ ಅತ್ಯಂತ ಫಲವತ್ತಾದ ವರ್ಷಗಳು ಬಂದದ್ದು ಆ ನಷ್ಟದ ನಂತರ ಎಂಬುದನ್ನು ಇಲ್ಲಿ ದಾಖಲಿಸಬೇಕು. ಒಂದು ಕೋಣೆಯ ವಿಭಾಗ ಈಗ ಇಡೀ ಮಹಡಿಯಾಗಿದೆ. ಅವರ ಕೈಕೆಳಗೆ ಕಲಿತವರು ಬೇರೆ ಊರುಗಳಲ್ಲಿ ವಿಭಾಗಗಳನ್ನು ತೆರೆದಿದ್ದಾರೆ. ವಯಸ್ಸನ್ನು ಕೂಡ ಅವರು ಮುಚ್ಚಿಡಲಿಲ್ಲ. ಮಂಡಿ ನೋವು ಬಂದಾಗ ಲಿಫ್ಟ್ ಹಿಡಿದರು, ಕಿವಿ ಮಂದವಾದಾಗ ಯಂತ್ರ ತೊಟ್ಟರು, ಅದನ್ನು ವಿದ್ಯಾರ್ಥಿಗಳಿಗೆ ಬಿಚ್ಚಿ ತೋರಿಸಿ ಪಾಠ ಮಾಡಿದರು. "ವಯಸ್ಸಾಗೋದು ಅಂದ್ರೆ ಕಡಿಮೆ ಆಗೋದು ಅಂತ ಅಂದ್ಕೊಂಡಿದ್ದೆ. ಪ್ರೀತಿ ಮಾಡಿದೋರು ಒಬ್ಬೊಬ್ಬರೂ ಏನಾದ್ರೂ ಬಿಟ್ಟು ಹೋಗಿರ್ತಾರೆ. ಅದೆಲ್ಲ ಸೇರಿ ಮನುಷ್ಯ ಒಂಥರಾ ಭಾರ ಆಗ್ತಾನೆ, ಒಳ್ಳೇ ಭಾರ" ಎಂದು ಒಮ್ಮೆ ಚಹಾದ ವೇಳೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ನಿವೃತ್ತಿಯೆಂದರೆ ವಿಶ್ರಾಂತಿಯೆಂದು ನಾವು ತಿಳಿದಿದ್ದೆವು. ಅವರು ಮುಂದಿನ ತಿಂಗಳಿಂದಲೇ ಡಿಪೋದ ಸಭಾಂಗಣದಲ್ಲಿ, ಚಿಕಿತ್ಸಾ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾಯುವ ಗಂಡಂದಿರು, ಹೆಂಡತಿಯರು, ಮಕ್ಕಳಿಗಾಗಿಯೇ ತರಗತಿ ಆರಂಭಿಸುತ್ತಿದ್ದಾರೆ. ಹೆಸರು ಕೊಟ್ಟವರಿಗೆ ಕೂರಲು ಕುರ್ಚಿ ಸಾಲದೆಂದು ಡಿಪೋ ಮ್ಯಾನೇಜರರು ಈಗಲೇ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಇಂಥ ಹಿರಿಯರಿಗೆ ಹಾರೈಸುವಷ್ಟು ದೊಡ್ಡವಳು ನಾನಲ್ಲ. ಆದ್ದರಿಂದ ಸಮಿತಿಯ ಪರವಾಗಿ ಕಳೆದ ವಾರ ಆ ಮನೆಗೆ ಹೋಗಿ, ಸೊಸೆಗೆ ನಮ್ಮೆಲ್ಲರ ಪರವಾಗಿ ನೀವೇ ಹರಸಬೇಕೆಂದು ಅಜ್ಜಿಯನ್ನು ಬೇಡಿಕೊಂಡೆ. ಅವರು ಮೇಡಂ ಅವರನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ನೂರು ವರ್ಷ ಅಂತ ಹರಸಲ್ಲಮ್ಮ. ನೂರರ ಹತ್ರ ನಾನೇ ಬಂದಿದೀನಿ, ಅದೇನು ಅಂಥ ದೊಡ್ಡ ವಿಷಯ ಅಲ್ಲ. ನನಗಿಂತ ಒಂದಿಷ್ಟು ಜಾಸ್ತಿ ಇರ್ಲಿ. ಇರೋವಷ್ಟು ದಿನಾನೂ ಯಾರಿಗಾದ್ರೂ ಬೇಕಾದವಳಾಗೇ ಇರ್ಲಿ."