ಕಾಕುವಿನ ಸಂಗಡ ಮೊರೊನಿಗೆ

ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಅದಕ್ಕೆ ಮರೆಯಾಗಿ ಹಿಡಿದ ಎಡಗೈ. ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್‌ನ ರಸ್ತೆಯಲ್ಲಿ ಕಾಕು ನಡೆಯುತ್ತಿದ್ದದ್ದೇ ಹೀಗೆ. ಇಲ್ಲಿಯದು ಹಾಳು ಗಾಳಿ; ಛತ್ರಿಯನ್ನೇ ಉಳಿಸುವುದಿಲ್ಲ, ಇನ್ನು ವಿಭೂತಿಯನ್ನು ಬಿಟ್ಟೀತೇ? ಎದುರುಮನೆಯ ಬಿಳಿಯ ಮುದುಕ ಇದನ್ನು ಸಲಾಮು ಎಂದುಕೊಂಡು ದಿನಾ ತಾನೂ ಕೈ ಎತ್ತುತ್ತಿದ್ದ. "ಪಾಪ, ಮರ್ಯಾದಸ್ಥ ಅದಾನ" ಎಂದು ಕಾಕು ನಗುತ್ತಿದ್ದರು.

ಅವರು ನನಗೆ ಸಂಬಂಧಿಕರಲ್ಲ. ಅವರ ಮಗಳ ಮನೆಯ ಹಿಂದಿರುವ ಸಣ್ಣ ಯೂನಿಟ್‌ನಲ್ಲಿ ನಾನು ಬಾಡಿಗೆಗಿದ್ದೇನೆ, ಒಬ್ಬಳೇ. ಅವರು ಹುಬ್ಬಳ್ಳಿಯ ಲಿಂಗಾಯತರು. ನಾನು ಹುಬ್ಬಳ್ಳಿಯದೇ ಮುಸ್ಲಿಂ ಮನೆಯವಳು, ಓದಲು ಬಂದು ಇಲ್ಲಿ ಉಳಿದವಳು. ಇಲ್ಲಿ ಹಿರಿಯರೆಲ್ಲರೂ ಆಂಟಿಗಳೇ. ನಾನೂ ಹಾಗೆ ಕರೆದ ಮೊದಲ ದಿನವೇ, "ಆಂಟಿ ಗೀಂಟಿ ಬ್ಯಾಡವಾ, ಕಾಕು ಅನ್ನು. ಊರಾಗ ಇದ್ದಂಗ ಆಗ್ತೈತಿ" ಅಂದುಬಿಟ್ಟರು.

ಮಗಳು ಅಳಿಯ ಬೆಳಿಗ್ಗೆ ವೆಲ್ಲಿಂಗ್ಟನ್ ರೈಲು ಹತ್ತಿದರೆ ಮನೆಗೆ ಬರುವುದು ಸಂಜೆಗೇ. ಮೊಮ್ಮಗನಿಗೆ ಅಜ್ಜಿಯ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಕಾಕುವಿನ ಮಾತೆಲ್ಲ ನಡೆಯುತ್ತಿದ್ದದ್ದು ಪೂಜೆಯ ಹೊತ್ತಿನಲ್ಲಿ. ಕೊರಳಿನ ಕರಡಿಗೆ ತೆರೆದು ತಮ್ಮ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವರು. ಅದು ಮುಗಿದ ಮೇಲೆ ಇನ್ನೊಂದು ಬೆಳ್ಳಿಯ ಕರಡಿಗೆ ತೆರೆದು, ಅದರೊಳಗಿನ ಲಿಂಗಕ್ಕೂ ನೀರೆರೆದು, ಹೂ ಏರಿಸಿ, "ಥಂಡಿ ಆತೇನ್ರಿ? ಇಲ್ಲೀ ನೀರ ಹಿಂಗ" ಎಂದು ಮಾತಿಗೆ ತೊಡಗುವರು. ಅದು ಅವರ ಗಂಡನದು.

ಆತ ಜನರೇಟರ್ ರಿಪೇರಿಯಲ್ಲಿ ಕೈ ಪಳಗಿದವರಂತೆ. ಆಫ್ರಿಕಾದ ಪಕ್ಕದ ಕೊಮೊರೊಸ್ ಎಂಬ ದ್ವೀಪಕ್ಕೆ, ಅದರ ರಾಜಧಾನಿ ಮೊರೊನಿಗೆ ಕರಾರಿನ ಮೇಲೆ ಹೋದವರು ಜ್ವರ ಬಂದು ಅಲ್ಲಿಯೇ ತೀರಿಕೊಂಡರು. ಮಗಳು ಆಗಿನ್ನೂ ಸಣ್ಣ ಶಾಲೆಯಲ್ಲಿದ್ದಳು. ಅಲ್ಲಿಯವರೇ ಮಣ್ಣು ಮಾಡಿದರು. ಆಮೇಲೆ ಆತನ ಸೂಟ್‌ಕೇಸ್ ಹುಬ್ಬಳ್ಳಿಗೆ ಬಂತು. ತೆರೆದರೆ, ಅಂಗಿಗಳ ನಡುವೆ ಬಟ್ಟೆಯಲ್ಲಿ ಸುತ್ತಿಟ್ಟ ಕರಡಿಗೆ. ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ, ಅಂಗೈಯಲ್ಲಿ ಅವರ ಇಷ್ಟಲಿಂಗ ಇರಲೇಬೇಕು. ಸತ್ತರೂ ಅದನ್ನು ಅಗಲಿಸುವಂತಿಲ್ಲ.

ನನ್ನದು ಇದ್ದದ್ದನ್ನು ಇದ್ದ ಹಾಗೆ ಎದುರಿನವರ ಮುಖಕ್ಕೆ ಎಸೆಯುವ ಬಾಯಿ. "ಕಾಕು, ಅವರು ಹೋಗಿ ಎಷ್ಟೋ ವರ್ಷ ಆತು. ಈಗೇನು ಮಾಡಾಕ ಬರ್ತೈತ್ರಿ?" ಎಂದೆ.

"ಕೈ ಖಾಲಿ ಕುಂತಾರವಾ," ಎಂದರು ಕಾಕು. "ಹೋಗಿ ಕೊಟ್ಟು ಬರಬೇಕು."

ಮಗಳನ್ನು ಎಷ್ಟು ಸಲ ಕೇಳಿದ್ದರೋ. ಅವಳದು ಒಂದೇ ಉತ್ತರ: "ಅಮ್ಮಾ, ಲೀವ್ ಇಲ್ಲ. ಆ ಊರಿಗೆ ಯಾರಾದರೂ ಹಾಲಿಡೇ ಹೋಗ್ತಾರೇನು?" ಕೊನೆಗೆ ಕಾಕು ನನ್ನ ಬಾಗಿಲು ಬಡಿದರು. "ತಂಗಿ, ನೀ ಬಾ ನನ್ನ ಸಂಗಡ. ಅಲ್ಲಿರಾವ್ರು ಎಲ್ಲಾ ನಿಮ್ಮ ಮಂದಿನ."

"ಅಯ್ಯ ಕಾಕು, ಅವರ ಭಾಷಾ ನನಗ ಬರೂದಿಲ್ಲರಿ."

"ಸಲಾಂ ಅನ್ನಾಕ ಬರ್ತೈತಲ್ಲ? ಸಾಕ ಬಿಡು."

ವಿಮಾನ ಬದಲಿಸಿ ಬದಲಿಸಿ ಇಳಿದಾಗ ಮೈಗೆ ಅಂಟಿಕೊಂಡದ್ದು ಬಿಸಿಯಾದ ಲವಂಗದ ವಾಸನೆ. ರಸ್ತೆಯ ಅಂಚಿಗೆ ಚಾಪೆ ಹಾಸಿ ಲವಂಗ ಒಣಗಿಸಿದ್ದರು. ಕಪ್ಪು ಕಲ್ಲಿನ ದಂಡೆ, ಬಿಳಿಯ ಮಸೀದಿ, ಹಿಂದೆ ಮೋಡ ಹೊದ್ದ ಜ್ವಾಲಾಮುಖಿ. ಹೋಟೆಲಿನಲ್ಲಿ ನಾವಿಬ್ಬರೇ. ಊಟದ ಕೋಣೆಯಲ್ಲಿ ಹಾಸಿಟ್ಟ ಮೇಜುಗಳೆಲ್ಲ ಖಾಲಿ; ಇಡೀ ಊರಿಗೆ ನಾವಿಬ್ಬರೇ ನೆಂಟರು ಅನ್ನಿಸಿ ನಾನು ಬಾಗಿಲಲ್ಲೇ ನಿಂತೆ. ಕಾಕು ಮಾತ್ರ ಹುಬ್ಬಳ್ಳಿ ದುರ್ಗದಬೈಲಿನ ಪೇಟೆಗೆ ಹೊರಟವರ ಹಾಗೆ ಸೆರಗು ಹೊದ್ದು ನಡೆದರು. ಅಲ್ಲಿಯ ಹೆಂಗಸರು ಮುಖಕ್ಕೆ ಗಂಧ ಬಳಿದುಕೊಳ್ಳುತ್ತಾರೆ. ಕಾಕುವಿನ ವಿಭೂತಿಯನ್ನು ಕಂಡು ಒಬ್ಬಾಕೆ ಮೆಚ್ಚಿ ಕೆನ್ನೆ ಮುಟ್ಟಿದಳು. ಕಾಕು ಅವಳ ಕೆನ್ನೆ ಮುಟ್ಟಿದರು. ಲೋವರ್ ಹಟ್‌ನಲ್ಲಿ ಯಾರೂ ಅವರನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಕಛ್ ಕಡೆಯಿಂದ ಬಂದ ಮನೆತನದ ಅಂಗಡಿಯವನೊಬ್ಬ ಸಿಕ್ಕ. ನನ್ನ ಹುಬ್ಬಳ್ಳಿ ಉರ್ದುವಿಗೂ ಅವನ ಹಿಂದಿಗೂ ಹೇಗೋ ಹೊಂದಿಕೆಯಾಗಿ, ಕಾಕುವಿನ ಗಂಡ ಬಾಡಿಗೆಗಿದ್ದ ಮನೆಗೆ ಅವನೇ ಕರೆದೊಯ್ದ. ಮನೆಯೊಡೆಯ ಈಗ ಹಣ್ಣು ಮುದುಕ. ಸಲಾಂ ಅಂದೆ. ಯಾರೆಂದು ತಿಳಿದದ್ದೇ ಅವನು ಕಾಕುವಿನ ಮುಂದೆ ಎದೆಯ ಮೇಲೆ ಕೈಯಿಟ್ಟು ನಿಂತ. ಸ್ಮಶಾನದಲ್ಲಿ ಹೂಳಲು ಕೆಲವರು ಒಪ್ಪದಿದ್ದಾಗ ತನ್ನ ಹಿತ್ತಿಲಲ್ಲಿಯೇ ಜಾಗ ಕೊಟ್ಟಿದ್ದನಂತೆ. ಹಲಸಿನಂಥದೊಂದು ಮರದ ಕೆಳಗೆ ಕಪ್ಪು ಕಲ್ಲು ಜೋಡಿಸಿದ ಉದ್ದನೆಯ ಗುಡ್ಡೆ.

ಕಾಕು ಅದನ್ನು ಬಹಳ ಹೊತ್ತು ನೋಡಿದರು. "ಮಲಗಿಸ್ಯಾರ," ಎಂದರು. ಆಮೇಲೆ, "ಇರಲಿ. ದಣಿದಿದ್ರು."

ಮುದುಕ ಹೆಮ್ಮೆಯಿಂದ ಹೇಳತೊಡಗಿದ, ಅಂಗಡಿಯವನು ನನಗೆ ತಿಳಿಸುತ್ತ ಹೋದ: ಕೊರಳಲ್ಲಿ ಬೆಳ್ಳಿಯ ಒಡವೆಯಿತ್ತು, ಸತ್ತವರ ಸೊತ್ತು ಮನೆಯವರಿಗೆ ಸೇರಬೇಕು, ಅದನ್ನು ನಾನೇ ಬಿಚ್ಚಿ, ಒರೆಸಿ, ಸೂಟ್‌ಕೇಸಿನಲ್ಲಿಟ್ಟೆ. ತಲುಪಿತೇ?

ನನಗೆ ಮೈ ಉರಿಯಿತು. ಪುಣ್ಯಾತ್ಮ, ಬಿಚ್ಚಲೇಬಾರದ್ದನ್ನು ಬಿಚ್ಚಿದೆಯಲ್ಲೋ ಎಂದು ಬಾಯಿ ತೆರೆದೆ. ಕಾಕು ನನ್ನ ಮೊಣಕೈ ಹಿಡಿದು ಅಮುಕಿದರು.

"ಬಾಯಿ ಮುಚ್ಚು. ನಾ ಹೇಳಿದಂಗ ಹೇಳು. ನಮ್ಮೊಳಗ ಇದನ್ನ ಹೆಂಡತಿನ ಬಂದು ತನ್ನ ಕೈಯಾರೆ ಕೊಡಬೇಕು. ನೀವು ಕಾಯ್ದು ಕಳಿಸಿದ್ರಿ ಅಂತ ನನಗ ಕೊಡಾಕ ಸಿಕ್ತು. ನಿಮ್ಮ ಉಪಕಾರ ಭಾಳ ಆತು."

"ಕಾಕು, ಅಂಥಾ ಪದ್ಧತಿ ಎಲ್ಲೈತ್ರಿ?"

"ಇವತ್ತಿಂದ ಐತಿ. ಹೇಳು."

ಹೇಳಿದೆ. ಮುದುಕ ಕಣ್ಣೊರೆಸಿಕೊಂಡು, ಒಳಗಿನಿಂದ ಗುದ್ದಲಿ ತಂದು, ಬೇಡವೆಂದರೂ ಕೇಳದೆ ತಾನೇ ಅಗೆದ. ಕಾಕು ಕರಡಿಗೆಯನ್ನು ಇಳಿಸಿದರು. "ಮಗಳಿಗೆ ಬರಾಕ ಆಗಲಿಲ್ಲ ನೋಡ್ರಿ, ಸಿಟ್ಟಾಗಬ್ಯಾಡ್ರಿ" ಎಂದು ಗಂಡನಿಗೆ ಹೇಳಿ ಒಂದು ಹಿಡಿ ಮಣ್ಣು ಹಾಕಿದರು.

ನೆಮ್ಮದಿಯಿಂದ ಲೋವರ್ ಹಟ್‌ಗೆ ಮರಳಿದೆವು ಎಂದು ನಾನು ತಿಳಿದಿದ್ದೆ. ಮರುದಿನ ಬೆಳಿಗ್ಗೆ ಹೋದರೆ ಕಾಕು ಪೂಜೆ ಮುಗಿಸಿ ಸುಮ್ಮನೆ ಕೂತಿದ್ದರು. "ಜಲ್ದಿ ಮುಗೀತು ತಂಗಿ," ಎಂದರು. "ಅವರ ಕೈ ತುಂಬಿತು, ನನ್ನ ಕೈ ಖಾಲಿ ಆತು. ಇನ್ನ ಯಾರ ಕೂಡ ಮಾತಾಡ್ಲಿ?" ಅಷ್ಟು ವರ್ಷ ಅವರ ಜೊತೆಗಿದ್ದದ್ದು ಅದೊಂದೇ ಎಂದು ನನಗೆ ಹೊಳೆದದ್ದು ಆಗ. ನನಗೆ ಅಳು ಬಂತು. ಅಂದಿನಿಂದ ರಜೆಯ ದಿನಗಳಲ್ಲಿ ಹೋಗಿ ಕೂರುತ್ತಿದ್ದೆ, ಹುಬ್ಬಳ್ಳಿಯ ಮಾತು ಆಡುತ್ತಿದ್ದೆ. ಅದು ಸಾಲುತ್ತಿರಲಿಲ್ಲ, ನನಗೂ ಗೊತ್ತಿತ್ತು.

ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಇಲ್ಲಿಯ ಗುಡ್ಡದ ಸ್ಮಶಾನದಲ್ಲಿ ಅವರನ್ನೂ ಮಲಗಿಸಿಯೇ ಹೂಳಬೇಕಾಯಿತು. ಬಂದವರೆಲ್ಲ ಹೋದ ಮೇಲೆ ಮಗಳು ನನ್ನ ಬಾಗಿಲಿಗೆ ಬಂದಳು. ಒಳಗೆ ಬಂದು ಕೂತಳು.

"ಅಪ್ಪನ ಹತ್ರ ನಾನ ಹೋಗಬೇಕಿತ್ತು, ಅಲ್ಲಾ? ಅಮ್ಮ ಅಲ್ಲಿ ನನ್ನ ಬಗ್ಗೆ ಏನರ ಅಂದ್ಳೇನು?"

ಹೌದು, ನೀನೇ ಹೋಗಬೇಕಿತ್ತು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಕಾಕು ಎರಡು ಹಿಡಿ ಮಣ್ಣು ಹಾಕಿದ್ರು," ಎಂದೆ. "ಇದು ನನ್ನ ಮಗಳದು ಅಂತ ಎರಡನೇದ್ದನ್ನ ಹಾಕಿದ್ರು."

ಅವಳು ನನ್ನ ಹೆಗಲಿಗೆ ಮುಖವಿಟ್ಟು ಸಣ್ಣ ಹುಡುಗಿಯ ಹಾಗೆ ಅತ್ತಳು. ಕಾಕು ಹಾಕಿದ್ದು ಒಂದೇ ಹಿಡಿ. ಎರಡನೆಯದನ್ನು ಅವರ ಪರವಾಗಿ ಆ ಮಾತಿನಲ್ಲಿ ನಾನು ಹಾಕಿದೆ.